ಮಗ್ಗಕ್ಕೆ ನಿಲ್ಲುವುದನ್ನು ಕಲಿಸಿದವನು

ಕಳೆದ ದಸರೆಯ ರಜೆಯಲ್ಲಿ ಹರಪನಹಳ್ಳಿಯ ನನ್ನ ಅಕ್ಕನ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆ. ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಆತನು ಯಾರಿಂದಲೋ ಕೊಂಡುತಂದ ಹಳೆಯ ಆಟದ ಪೆಟ್ಟಿಗೆಯೊಂದನ್ನು ಟಿ.ವಿ.ಗೆ ಜೋಡಿಸಿ, ಊಟದ ಹೊತ್ತನ್ನೂ ಮರೆತು ಕಾರಿನ ಪಂದ್ಯ ಆಡುತ್ತಿದ್ದನು. ಗ್ರ್ಯಾನ್ ಟುರಿಸ್ಮೊ ಎಂಬುದು ಆ ಆಟದ ಹೆಸರು. ಕೆಂಪು ಬಿಳಿ ಬಣ್ಣದ, ನೆಲಕ್ಕೆ ಅಂಟಿಕೊಂಡಂತಿದ್ದ ಒಂದು ಕಾರು ಪರದೆಯ ಮೇಲೆ ಸುತ್ತು ಹೊಡೆಯುತ್ತಿತ್ತು. ತಿರುವಿನಲ್ಲಿ ಅದು ಗೋಡೆಗೆ ಬಡಿದಾಗ ಹುಡುಗನು ಒಂದು ಗುಂಡಿ ಒತ್ತಿದನು. ಮರುಕ್ಷಣವೇ ಕಾರು ಗೆರೆಯ ಮೇಲೆ ಹೊಸದಾಗಿ ನಿಂತಿತ್ತು. ಇದು ಯಾವ ಕಾರೆಂದು ಕೇಳಿದೆ. ಟೊಯೋಟ ಟಿ.ಎಸ್. 020 ಎಂದು ಹೇಳಿ, ಅದರ ಯಂತ್ರಕ್ಕೆ ಎಂಟು ಸಿಲಿಂಡರುಗಳೆಂದೂ 3.6 ಲೀಟರಿನ ಗಾತ್ರವೆಂದೂ, ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯಕ್ಕಾಗಿ 1998ರಲ್ಲಿ ಕಟ್ಟಿದುದೆಂದೂ ಪಾಠ ಒಪ್ಪಿಸುವಂತೆ ಹೇಳಿದನು. ಟೊಯೋಟ ಎಂದರೇನು, ಅದು ಯಾರ ಹೆಸರು ಎಂದು ಮತ್ತೆ ಕೇಳಿದೆ. ಅದೊಂದು ಕಂಪನಿ, ಮಾಮಾ ಎಂದು ಹೇಳಿ ಆಟಕ್ಕೆ ಮರಳಿದನು.

ಉತ್ತರ ತಪ್ಪಾಗಿರಲಿಲ್ಲ. ಆದರೆ ಕನ್ನಡ ಕಲಿಸುವವನಿಗೆ ಹೆಸರುಗಳ ಮೂಲವನ್ನು ಕೆದಕುವ ಚಟ ಬಿಡದು. ಕೆದಕುತ್ತ ಹೋದಾಗ ಆ ಹೆಸರಿನ ಬುಡದಲ್ಲಿ ನನಗೆ ಸಿಕ್ಕಿದ್ದು ಕಾರೂ ಅಲ್ಲ, ಪಂದ್ಯವೂ ಅಲ್ಲ. ಒಂದು ಮರದ ಕೈಮಗ್ಗ ಮತ್ತು ಅದರ ಮುಂದೆ ಯೋಚಿಸುತ್ತ ಕುಳಿತ ಒಬ್ಬ ಬಡಗಿಯ ಮಗ. ಆತನ ಹೆಸರು ಸಕಿಚಿ ಟೊಯೋಡ. ಆತನು ಜೀವಮಾನದಲ್ಲಿ ಒಂದು ಕಾರನ್ನೂ ಮಾಡಲಿಲ್ಲ. ಆದರೂ ಆತನ ಬಾಳನ್ನು ಅರಿಯದೆ ಆ ಕೆಂಪು ಕಾರನ್ನು ಅರಿತಂತಾಗುವುದಿಲ್ಲವೆಂದು ನನಗೆ ತೋರಿತು.

ಸಕಿಚಿ ಹುಟ್ಟಿದ್ದು 1867ನೆಯ ಫೆಬ್ರವರಿ 14ರಂದು, ಜಪಾನಿನ ಯಾಮಗುಚಿ ಎಂಬ ಸಣ್ಣ ಹಳ್ಳಿಯಲ್ಲಿ. ಈಗ ಆ ಹಳ್ಳಿಯು ಶಿಜುಓಕ ಪ್ರಾಂತದ ಕೊಸಾಯ್ ಪಟ್ಟಣದೊಳಗೆ ಸೇರಿಹೋಗಿದೆ. ತಂದೆ ಇಕಿಚಿಗೆ ಒಂದಿಷ್ಟು ಹೊಲ. ಅದರಿಂದ ಹೊಟ್ಟೆ ತುಂಬದೆ ಬಡಗಿಯ ಕೆಲಸ. ಮಗನು ಪ್ರಾಥಮಿಕ ಶಾಲೆಯಷ್ಟನ್ನು ಮುಗಿಸಿ ಉಳಿ, ಕೊಡತಿ, ಗರಗಸಗಳ ಜೊತೆಗೆ ತಂದೆಯ ಹಿಂದೆ ಹೊರಟನು. ಆತನು ಹುಟ್ಟಿದ ಮರುವರ್ಷವೇ ಜಪಾನಿನಲ್ಲಿ ಹಳೆಯ ಸೇನಾಧಿಪತಿಗಳ ಆಡಳಿತ ಮುಗಿದು ಮೇಜಿ ಚಕ್ರವರ್ತಿಯ ಯುಗ ಆರಂಭವಾಗಿತ್ತು. ಎರಡು ಶತಮಾನಗಳಿಗೂ ಮಿಗಿಲಾಗಿ ಹೊರಗಿನವರಿಗೆ ಮುಚ್ಚಿದ್ದ ದೇಶವು ಈಗ ಬಾಗಿಲು ತೆರೆದು, ಪಶ್ಚಿಮದವರು ಮಾಡಬಲ್ಲದ್ದನ್ನು ನಾವೇಕೆ ಮಾಡಲಾರೆವೆಂದು ತನ್ನನ್ನೇ ಕೇಳಿಕೊಳ್ಳುತ್ತಿತ್ತು.

1885ರಲ್ಲಿ ಸರಕಾರವು ಪೇಟೆಂಟಿನ ಕಾನೂನನ್ನು ಹೊರಡಿಸಿತು. ಹೊಸದನ್ನು ಕಂಡುಹಿಡಿದವನಿಗೆ ಅದರ ಮೇಲೆ ಹಕ್ಕು ದೊರೆಯುವುದೆಂಬ ಸುದ್ದಿ ಹದಿನೆಂಟರ ಹರೆಯದ ಸಕಿಚಿಯ ಕಿವಿಗೂ ಬಿತ್ತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಸ್ಯಾಮ್ಯುಅಲ್ ಸ್ಮೈಲ್ಸನು ಬರೆದ ಸ್ವಸಹಾಯದ ಗ್ರಂಥವನ್ನು ಜಪಾನೀ ಅನುವಾದದಲ್ಲಿ ಆತನು ಓದಿದನೆಂದು ಆತನ ಚರಿತ್ರಕಾರರು ಹೇಳುತ್ತಾರೆ. ಬಡವರ ಮಕ್ಕಳು ಯಂತ್ರಗಳನ್ನು ಕಂಡುಹಿಡಿದು ಲೋಕವನ್ನು ಬದಲಿಸಿದ ಕಥೆಗಳು ಆ ಗ್ರಂಥದಲ್ಲಿವೆ. ಹಳ್ಳಿಯ ಮನೆಮನೆಯಲ್ಲೂ ಹೆಂಗಸರು ಬೆಳಗಿನಿಂದ ಇರುಳಿನವರೆಗೆ ಕೈಮಗ್ಗದಲ್ಲಿ ಹತ್ತಿಯ ಬಟ್ಟೆ ನೇಯುತ್ತಿದ್ದರು. ತನ್ನ ಕೈಗೆ ಎಟಕುವ ಯಂತ್ರವೆಂದರೆ ಅದೇ ಎಂದು ಸಕಿಚಿ ಬಗೆದನು. ತಂದೆಗೆ ಇದು ಹಿಡಿಸಲಿಲ್ಲ. ಹಿರಿಯ ಮಗನು ಮನೆಯ ಕಸುಬನ್ನು ಬಿಟ್ಟು, ಕೊಟ್ಟಿಗೆಯಲ್ಲಿ ಕುಳಿತು ಮರದ ತುಂಡುಗಳನ್ನು ಕೂಡಿಸುತ್ತ, ಮುರಿಯುತ್ತ ಇರುವುದನ್ನು ಯಾವ ತಂದೆ ತಾನೇ ಮೆಚ್ಚಿಯಾನು? ಊರವರು ಹುಡುಗನಿಗೆ ತಲೆ ಕೆಟ್ಟಿತೆಂದೇ ತಿಳಿದರು.

1890ರಲ್ಲಿ ಟೋಕಿಯೋ ನಗರದ ಉಯೆನೋದಲ್ಲಿ ಕೈಗಾರಿಕಾ ಪ್ರದರ್ಶನ ನಡೆಯಿತು. ಸಕಿಚಿ ಅಲ್ಲಿಗೆ ಹೋಗಿ ಯಂತ್ರಗಳ ಶಾಲೆಯಲ್ಲಿ ದಿನದಿನವೂ ನಿಂತು ನೋಡಿದನು. ಹೀಗೆ ಸುಮಾರು ಒಂದು ತಿಂಗಳು. ಹಿಂದಿರುಗಿದವನು ಆ ವರ್ಷವೇ ತನ್ನ ಮೊದಲ ಮಗ್ಗವನ್ನು ಮುಗಿಸಿದನು. ಮರುವರ್ಷ ಅದಕ್ಕೆ ಪೇಟೆಂಟು ದೊರೆಯಿತು. ನೇಯ್ಗೆಯನ್ನು ಕಂಡವರಿಗೆ ಇದರ ಮಹತ್ತ್ವ ತಿಳಿಯುವುದು ಕಷ್ಟವಲ್ಲ. ಮಗ್ಗದಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹೊಕ್ಕಿನ ನೂಲನ್ನು ಹೊತ್ತ ಲಾಳಿಯನ್ನು ಹಳೆಯ ಮಗ್ಗದಲ್ಲಿ ಒಂದು ಕೈಯಿಂದ ಎಸೆದು ಇನ್ನೊಂದು ಕೈಯಿಂದ ಹಿಡಿಯಬೇಕು. ಆಮೇಲೆ ನೂಲನ್ನು ಬಡಿದು ಕೂಡಿಸಬೇಕು. ಸಕಿಚಿಯ ಮಗ್ಗದಲ್ಲಿ ಒಂದೇ ಕೈಯ ಚಲನೆಯಿಂದ ಲಾಳಿಯೂ ಓಡಿತು, ಬಡಿತವೂ ಬಿದ್ದಿತು. ನೇಯ್ಗೆಯ ವೇಗವು ಅರ್ಧದಷ್ಟು ಹೆಚ್ಚಿತು. ಆದರೆ ಅದನ್ನು ಮಾರಿ ಬದುಕುವಷ್ಟು ಗಳಿಕೆ ಆಗಲಿಲ್ಲ.

ಆತನ ಸಂಸಾರದ ಕಥೆಯನ್ನು ಮುಚ್ಚಿಡುವುದು ನ್ಯಾಯವಲ್ಲ. 1893ರಲ್ಲಿ ಮದುವೆಯಾದ ತಮಿ ಎಂಬವಳು, ಮರುವರ್ಷ ಕೀಚಿರೊ ಎಂಬ ಮಗನನ್ನು ಹೆತ್ತ ಕೆಲಕಾಲದಲ್ಲೇ ಗಂಡನ ಮನೆಯನ್ನು ತೊರೆದಳು. ಮಗ್ಗದ ಹೊರತು ಇನ್ನಾವ ಚಿಂತೆಯೂ ಇಲ್ಲದ, ಎಲ್ಲೆಲ್ಲೋ ಅಲೆಯುವ ಗಂಡನನ್ನು ನಂಬಿ ಬಾಳುವುದು ಆಕೆಗೆ ಆಗಲಿಲ್ಲ. ತಬ್ಬಲಿಯಂತಾದ ಕೂಸನ್ನು ಅಜ್ಜ ಅಜ್ಜಿಯರು ಸಾಕಿದರು. ತರುವಾಯ ಆತನ ಕೈಹಿಡಿದ ಅಸಾಕೊ ಎಂಬ ಗಟ್ಟಿಗಿತ್ತಿಯು ವ್ಯಾಪಾರದ ಲೆಕ್ಕವನ್ನೂ ಮನೆಯನ್ನೂ ಒಟ್ಟಿಗೆ ನಡೆಸಿದಳು. ಮಹಾಪುರುಷರ ಏಕಾಗ್ರತೆಯನ್ನು ನಾವು ಕೊಂಡಾಡುವಾಗ ಅದರ ಬೆಲೆಯನ್ನು ತೆತ್ತವರು ಬೇರೆ ಕೆಲವರೂ ಉಂಟೆಂಬುದನ್ನು ನೆನೆಯಬೇಕು.

1896ರಲ್ಲಿ ಸಕಿಚಿ ಮರ ಮತ್ತು ಕಬ್ಬಿಣಗಳಿಂದ ಮಾಡಿದ, ಉಗಿಯ ಬಲದಿಂದ ನಡೆಯುವ ಮಗ್ಗವನ್ನು ಸಿದ್ಧಗೊಳಿಸಿದನು. ಜಪಾನೀಯನೊಬ್ಬನು ಕಂಡುಹಿಡಿದ ಮೊದಲ ಯಂತ್ರಮಗ್ಗ ಅದು. ಯುರೋಪಿನ ಕಬ್ಬಿಣದ ಮಗ್ಗಗಳಿಗಿಂತ ಬಹಳ ಅಗ್ಗವಾದುದು. ಆದರೆ ಆ ಮಗ್ಗದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅದರ ಓಟವಲ್ಲ, ಅದರ ನಿಲುಗಡೆ. ಹೊಕ್ಕಿನ ಎಳೆ ಕಡಿದರೆ, ಇಲ್ಲವೇ ಲಾಳಿಯಲ್ಲಿ ನೂಲು ಮುಗಿದರೆ, ಯಾರೂ ಮುಟ್ಟದೆಯೇ ಮಗ್ಗವು ತಾನಾಗಿ ನಿಲ್ಲುವಂತೆ ಆತನು ಒಂದು ಉಪಾಯವನ್ನು ಅದರಲ್ಲಿ ಅಳವಡಿಸಿದ್ದನು. ಅಂತಹ ಉಪಾಯವಿಲ್ಲದ ಯಂತ್ರಕ್ಕೆ ಎಳೆ ಕಡಿದದ್ದು ತಿಳಿಯುವುದಿಲ್ಲ. ಅದು ಅದೇ ಉತ್ಸಾಹದಿಂದ ಬಡಿಯುತ್ತಲೇ ಇರುತ್ತದೆ. ಕೆಟ್ಟ ಬಟ್ಟೆ ಮೊಳಗಟ್ಟಲೆ ಬೆಳೆಯುತ್ತದೆ. ಅದನ್ನು ತಡೆಯಲು ಪ್ರತಿ ಮಗ್ಗದ ಮುಂದೆಯೂ ಕಣ್ಣು ಮಿಟುಕಿಸದ ಒಬ್ಬ ಹುಡುಗಿಯನ್ನು ನಿಲ್ಲಿಸಬೇಕು. ಸಕಿಚಿ ಆ ಹುಡುಗಿಯ ಕಣ್ಣನ್ನು ಮಗ್ಗಕ್ಕೇ ಕೊಟ್ಟನು.

ಇದನ್ನು ಓದಿದಾಗ ನನಗೆ ಬಾಲ್ಯದ ಒಂದು ದೃಶ್ಯ ಕಣ್ಣಿಗೆ ಕಟ್ಟಿತು. ಕೂಡ್ಲಿಗಿಯ ಕಡೆಯ ನಮ್ಮ ಹಳ್ಳಿಯಲ್ಲಿ ಕಂಬಳಿ ನೇಯುವ ಅಜ್ಜನೊಬ್ಬನಿದ್ದನು. ಮನೆಯ ಪಡಸಾಲೆಯಲ್ಲಿ ಗುಂಡಿಮಗ್ಗ. ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತ ಅಜ್ಜನು ಮಾತನಾಡುತ್ತ, ನಗುತ್ತ, ಎಲೆ ಅಡಿಕೆ ಜಗಿಯುತ್ತ ನೇಯುವನು. ಆದರೆ ಒಂದು ಎಳೆ ಕಡಿದರೆ ಸಾಕು, ಮಾತು ಅರ್ಧಕ್ಕೆ ನಿಲ್ಲುವುದು, ಕೈ ನಿಲ್ಲುವುದು. ಬೆರಳಿನಿಂದ ಎಳೆಯನ್ನು ಹೊಸೆದು ಕೂಡಿಸಿದ ಮೇಲೆಯೇ ಮಾತು ಮುಂದುವರಿಯುವುದು. ಕೊಟ್ಟೂರಿನ ಜಾತ್ರೆಯೊಳಗೆ ಕಂಬಳಿ ಮುಗಿಯಬೇಕೆಂಬ ಅವಸರದಲ್ಲಿಯೂ ಆತನು ಕಡಿದ ಎಳೆಯನ್ನು ಹಾಗೆಯೇ ಬಿಟ್ಟು ಮುಂದೆ ಹೋದುದನ್ನು ನಾನು ಕಾಣೆ. ನೇಕಾರನ ಕಾಯಕವನ್ನು ದೇವರ ಮುಂದೆ ತಲೆಯೆತ್ತಿ ನಿಲ್ಲಿಸಿದ ಜೇಡರ ದಾಸಿಮಯ್ಯನ ನಾಡು ನಮ್ಮದು. ನಿಲ್ಲಬೇಕಾದಲ್ಲಿ ನಿಲ್ಲುವುದು ನೇಯ್ಗೆಯ ಮೊದಲ ಪಾಠವೆಂದು ನಮ್ಮ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಕಿಚಿಯ ಹಿರಿಮೆಯೆಂದರೆ ಆ ಪಾಠವನ್ನು ಮರಕ್ಕೂ ಕಬ್ಬಿಣಕ್ಕೂ ಹೇಳಿಕೊಟ್ಟದ್ದು.

ಯಂತ್ರಮಗ್ಗದಿಂದ ಹೆಸರು ಬಂತು. ಹೆಸರಿನ ಹಿಂದೆಯೇ ಬಂಡವಾಳಗಾರರೂ ಬಂದರು. ಮಿತ್ಸುಯಿ ವ್ಯಾಪಾರಸಂಸ್ಥೆಯ ಪ್ರೋತ್ಸಾಹದಿಂದ 1907ರಲ್ಲಿ ಆತನ ಹೆಸರಿನಲ್ಲೇ ಮಗ್ಗದ ಕಂಪನಿಯೊಂದು ಸ್ಥಾಪನೆಯಾಯಿತು. ಆದರೆ ಲಾಭವನ್ನು ನೋಡುವವರಿಗೂ ಪ್ರಯೋಗವನ್ನು ನೋಡುವವನಿಗೂ ಎಷ್ಟು ಕಾಲ ಹೊಂದೀತು? ಮಗ್ಗವನ್ನು ವರ್ಷಗಟ್ಟಲೆ ನಡೆಸಿ ನೋಡದೆ ಮಾರಬಾರದೆಂಬುದು ಸಕಿಚಿಯ ಹಟ. ವ್ಯಾಪಾರವು ಇಳಿಮುಖವಾದಾಗ ದೋಷವೆಲ್ಲ ಆತನ ಪ್ರಯೋಗಗಳ ತಲೆಗೆ ಕಟ್ಟಲ್ಪಟ್ಟಿತು. 1910ರಲ್ಲಿ ತನ್ನ ಹೆಸರನ್ನೇ ಹೊತ್ತ ಕಂಪನಿಯಿಂದ ಆತನು ಹೊರಬೀಳಬೇಕಾಯಿತು. ನಲವತ್ತಮೂರು ವರ್ಷದ ಮನುಷ್ಯನು ಬರಿಗೈಯಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದನು. ಅಲ್ಲಿನ ಮಗ್ಗಗಳನ್ನು ಕಂಡು ತನ್ನವು ಅವಕ್ಕಿಂತ ಕಡಿಮೆಯವಲ್ಲವೆಂಬ ಧೈರ್ಯ ತಂದುಕೊಂಡನು. ನ್ಯೂಯಾರ್ಕಿನಲ್ಲಿ ನೆಲಸಿದ್ದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ತಕಮಿನೆ ಜೊಕಿಚಿಯು ಆತನನ್ನು ಸಂತೈಸಿ, ಕಂಡುಹಿಡಿದವನು ತನ್ನ ಕೂಸನ್ನು ಅದು ನಡೆಯುವವರೆಗೆ ಕೈಬಿಡಬಾರದೆಂಬ ಅರ್ಥದ ಮಾತು ಹೇಳಿದನೆಂದು ಪ್ರತೀತಿ. ಅದೇ ಪ್ರವಾಸದಲ್ಲಿ ಅಮೆರಿಕದ ಬೀದಿಗಳಲ್ಲಿ ಮೋಟಾರುಗಳು ಓಡುವುದನ್ನು ಆತನು ಕಂಡನು. ಆ ನೋಟ ಮನಸ್ಸಿನಲ್ಲಿ ಉಳಿಯಿತು.

ಮರಳಿ ಬಂದು ನಗೋಯ ನಗರದಲ್ಲಿ ಆತನು ಸ್ವಂತ ನೇಯ್ಗೆಯ ಕಾರ್ಖಾನೆಯನ್ನು ಆರಂಭಿಸಿದನು. ಒಳ್ಳೆಯ ನೂಲಿಲ್ಲದೆ ಮಗ್ಗದ ಪರೀಕ್ಷೆ ಸರಿಯಾಗದೆಂದು 1914ರಲ್ಲಿ ನೂಲುವುದನ್ನೂ ತೊಡಗಿದನು. ಹತ್ತು ಹನ್ನೆರಡು ವರ್ಷಗಳ ಪರೀಕ್ಷೆಗಳ ತರುವಾಯ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಬಂದ ಮಗ ಕೀಚಿರೊನ ನೆರವಿನೊಡನೆ, 1924ರಲ್ಲಿ ಜಿ ಮಾದರಿಯ ಸ್ವಯಂಚಾಲಿತ ಮಗ್ಗವು ಪೂರ್ಣವಾಯಿತು. ಲಾಳಿಯಲ್ಲಿ ನೂಲು ತೀರುತ್ತ ಬಂದಾಗ, ಓಟದ ನಡುವೆಯೇ ಹೊಸ ಲಾಳಿಯು ಹಳೆಯದರ ಸ್ಥಾನಕ್ಕೆ ಬರುವುದು; ಆದರೆ ಎಳೆ ಕಡಿದರೆ ಮಗ್ಗ ನಿಲ್ಲುವುದು. ತೀರಿದ್ದಕ್ಕೆ ನಿಲ್ಲಬೇಡ, ಕೆಟ್ಟದ್ದಕ್ಕೆ ನಿಲ್ಲು: ಈ ವಿವೇಕವನ್ನು ಒಂದು ಯಂತ್ರಕ್ಕೆ ಕಲಿಸಲು ಒಬ್ಬ ಮನುಷ್ಯನ ಮೂವತ್ತು ವರ್ಷಗಳು ವೆಚ್ಚವಾದವು. ಒಬ್ಬಳೇ ಕೆಲಸದವಳು ಮೂವತ್ತರಿಂದ ಐವತ್ತು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು.

ಇಲ್ಲಿ ನಮ್ಮ ಸೀಮೆಯವನಾದ ನಾನು ಒಂದು ಗಳಿಗೆ ತಡೆಯಬೇಕಾಗುತ್ತದೆ. ಒಬ್ಬಳು ಐವತ್ತು ಮಗ್ಗಗಳನ್ನು ನೋಡಿದರೆ ಉಳಿದ ನಲವತ್ತೊಂಬತ್ತು ಮಂದಿ ಏನು ಮಾಡಬೇಕು? ಅಗ್ಗದ ಜಪಾನೀ ಬಟ್ಟೆಯು 1930ರ ದಶಕದ ಮೊದಲಲ್ಲಿ ಇಂಡಿಯದ ಪೇಟೆಗಳಿಗೆ ಹೊಳೆಯಂತೆ ಹರಿದುಬಂದಿತು. ಮಿಲ್ಲುಗಳೂ ಕೈಮಗ್ಗದವರೂ ತತ್ತರಿಸಿದರು. 1933ರಲ್ಲಿ ಸರಕಾರವು ಆ ಬಟ್ಟೆಯ ಮೇಲಣ ಸುಂಕವನ್ನು ನೂರಕ್ಕೆ 75ಕ್ಕೆ ಏರಿಸಿತು. ಅದಕ್ಕೆ ಉತ್ತರವಾಗಿ ಜಪಾನಿನ ಮಿಲ್ಲುಗಳು ಇಂಡಿಯದ ಹತ್ತಿಯನ್ನು ಕೊಳ್ಳುವುದಿಲ್ಲವೆಂದು ಪಟ್ಟು ಹಿಡಿದವು. 1934ರಲ್ಲಿ ಒಪ್ಪಂದವಾಗುವವರೆಗೂ ಈ ಜಗ್ಗಾಟ ನಡೆಯಿತು. ಬಟ್ಟೆ ಬಂದರೆ ನೇಕಾರನಿಗೆ ಕೇಡು, ಹತ್ತಿ ಹೋಗದಿದ್ದರೆ ಒಕ್ಕಲಿಗನಿಗೆ ಕೇಡು. ಬಳ್ಳಾರಿ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬೆಳೆದವರೂ, ಅದೇ ಸೀಮೆಯ ಊರುಗಳಲ್ಲಿ ಮಗ್ಗ ನಂಬಿ ಬಾಳಿದವರೂ ನಮ್ಮವರೇ. ಎಂದೋ ತನ್ನ ಹಳ್ಳಿಯ ಹೆಂಗಸರ ತೋಳುನೋವನ್ನು ಕಂಡು ಮರುಗಿದವನ ಮಗ್ಗವು ದೂರದ ಇನ್ನಾರದೋ ಕೈಯಿಂದ ಕೆಲಸವನ್ನು ಕಿತ್ತುಕೊಂಡಿತು. ಆತನ ಚರಿತ್ರೆಯನ್ನು ಬರೆಯುವವರು ಇದನ್ನು ಬಿಟ್ಟು ಬರೆದರೆ ಅದು ಪೂರ್ಣವಾಗದು.

ಸಕಿಚಿಯ ಕನಸುಗಳು ಮಗ್ಗದಲ್ಲೇ ಮುಗಿಯಲಿಲ್ಲ. 1925ರಲ್ಲಿ ಆತನು ವಿದ್ಯುತ್ತನ್ನು ಕೂಡಿಡುವ ಒಂದು ಬ್ಯಾಟರಿಗಾಗಿ ಹತ್ತು ಲಕ್ಷ ಯೆನ್‌ಗಳ ಬಹುಮಾನವನ್ನು ಘೋಷಿಸಿದನು. ನೂರು ಕುದುರೆಗಳ ಬಲವನ್ನು ಮೂವತ್ತಾರು ಗಂಟೆಗಳ ಕಾಲ ಎಡೆಬಿಡದೆ ಕೊಡಬೇಕು. ತೂಕವು ಸುಮಾರು 225 ಕಿಲೋಗ್ರಾಮನ್ನು ಮೀರಬಾರದು. ವಿಮಾನವು ಪೆಸಿಫಿಕ್ ಸಾಗರವನ್ನು ದಾಟಲು ಅಷ್ಟು ಶಕ್ತಿ ಬೇಕೆಂಬುದು ಆತನ ಎಣಿಕೆ. ಎಣ್ಣೆಯ ಬಾವಿಗಳಿಲ್ಲದ ದೇಶದ ಮಗನಿಗೆ ಹೀಗೆ ತೋರಿದ್ದು ಸಹಜ. ಆ ಬಹುಮಾನವನ್ನು ಯಾರೂ ಗೆಲ್ಲಲಿಲ್ಲ.

1929ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಓಲ್ಡಮ್ ಪಟ್ಟಣದ ಪ್ಲ್ಯಾಟ್ ಬ್ರದರ್ಸ್ ಕಂಪನಿಯು ಜಿ ಮಾದರಿಯ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡುಗಳಿಗೆ ಕೊಳ್ಳಲು ಒಪ್ಪಿತು. ನೂಲುವ ನೇಯುವ ಯಂತ್ರಗಳಿಗೆ ಅಂದು ಲೋಕವೆಲ್ಲ ಆ ಕಂಪನಿಯ ಕಡೆಗೇ ನೋಡುತ್ತಿತ್ತು. ಅಂತಹವರು ಜಪಾನಿನ ಬಡಗಿಯ ಮಗನಿಂದ ಯಂತ್ರವಿದ್ಯೆಯನ್ನು ಕೊಂಡರು. ಮರುವರ್ಷ, 1930ರ ಅಕ್ಟೋಬರ್ 30ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ ಸಕಿಚಿ ತೀರಿಕೊಂಡನು. ತಾನು ಮಗ್ಗದಿಂದ ನಾಡಿಗೆ ಮಾಡಿದ್ದನ್ನು ನೀನು ಮೋಟಾರಿನಿಂದ ಮಾಡೆಂದು ಮಗನಿಗೆ ಹೇಳಿದನೆಂಬುದು ಆ ಮನೆತನದಲ್ಲಿ ಉಳಿದುಬಂದ ಮಾತು. ಮಗನು 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗವನ್ನು ತೆರೆದನು. 1936ರಲ್ಲಿ ಮೊದಲ ಕಾರು ಪೇಟೆಗೆ ಬಂತು. 1937ರಲ್ಲಿ ಮೋಟಾರು ಕಂಪನಿಯು ಬೇರೆಯಾಯಿತು. ಟೊಯೋಡ ಎಂಬುದು ಟೊಯೋಟ ಆದದ್ದು ಈ ನಡುವೆ. ಜಪಾನೀ ಲಿಪಿಯಲ್ಲಿ ಟೊಯೋಟ ಎಂದು ಬರೆಯಲು ಎಂಟು ಗೀಟುಗಳು ಸಾಕು. ಎಂಟು ಆ ಜನಕ್ಕೆ ಶುಭದ ಸಂಖ್ಯೆ.

ಮಗ್ಗದ ವಿವೇಕವು ಮೋಟಾರಿಗೂ ದಾಟಿತು. ಟೊಯೋಡರ ನೂಲಿನ ಗಿರಣಿಯಲ್ಲಿ ಕೆಲಸ ಕಲಿತು 1943ರಲ್ಲಿ ಮೋಟಾರು ಕಂಪನಿಗೆ ಬಂದ ತಾಇಚಿ ಓನೋ ಎಂಬವನು, ಕಾರು ಜೋಡಿಸುವ ಸಾಲಿನಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ ಇಡೀ ಸಾಲನ್ನು ನಿಲ್ಲಿಸಬಹುದೆಂಬ ಪದ್ಧತಿಯನ್ನು ಬೆಳೆಸಿದನು. ಇದಕ್ಕೆ ಜಿದೋಕ ಎಂದು ಹೆಸರು. ಸ್ವಯಂಚಲನ ಎಂಬ ಅರ್ಥದ ಜಪಾನೀ ಪದದಲ್ಲಿ ಚಲನೆಯನ್ನು ಸೂಚಿಸುವ ಅಕ್ಷರವೊಂದಿದೆ. ಟೊಯೋಟದವರು ಆ ಅಕ್ಷರದ ಪಕ್ಕಕ್ಕೆ ಮನುಷ್ಯನನ್ನು ಸೂಚಿಸುವ ಗುರುತನ್ನು ಸೇರಿಸಿ ಬರೆಯುತ್ತಾರೆ. ಉಚ್ಚಾರ ಒಂದೇ, ಅರ್ಥ ಬೇರೆ. ತಾನಾಗಿ ಚಲಿಸುವುದಷ್ಟೇ ಅಲ್ಲ, ಮನುಷ್ಯನ ವಿವೇಚನೆಯನ್ನು ಒಳಗೊಂಡು ಚಲಿಸುವುದು. ಭಾಷೆಯ ಮೇಷ್ಟರಾದ ನನಗೆ ಈ ಒಂದು ಅಕ್ಷರವೇ ಸಕಿಚಿಯ ಜೀವನಚರಿತ್ರೆಯಂತೆ ಕಂಡಿತು.

ಇನ್ನು ಆ ಕೆಂಪು ಕಾರಿನ ಮಾತು. ಲ ಮಾನ್ ಪಂದ್ಯದಲ್ಲಿ ಸುಮಾರು ಹದಿಮೂರೂವರೆ ಕಿಲೋಮೀಟರಿನ ದಾರಿಯನ್ನು ಹಗಲೂ ಇರುಳೂ ಸುತ್ತಬೇಕು. ನಿಲ್ಲದವನೇ ಅಲ್ಲಿ ಗೆಲ್ಲುವವನು. ನಿಲ್ಲುವ ಮಗ್ಗದಿಂದ ಹುಟ್ಟಿದ ಮನೆತನವು ನಿಲ್ಲಬಾರದ ಈ ಪಂದ್ಯದಲ್ಲಿ ಪಟ್ಟ ಪಾಡು ಒಂದು ಪುರಾಣ. 1998ರಲ್ಲಿ ಮುಂದಿದ್ದ ಟಿ.ಎಸ್. 020 ಕಾರೊಂದು ಪಂದ್ಯ ಮುಗಿಯಲು ಎರಡು ಗಂಟೆಗಿಂತ ಕಡಮೆ ಉಳಿದಿರುವಾಗ ಗೇರುಪೆಟ್ಟಿಗೆ ಕೆಟ್ಟು ನಿಂತಿತು. 1999ರಲ್ಲಿ ಮೂವರು ಜಪಾನೀಯರು ಸರದಿಯಲ್ಲಿ ನಡೆಸಿದ ಕಾರು ಮುಂದಿನದನ್ನು ಅಟ್ಟಿಸಿಕೊಂಡು ಹೋಗುತ್ತಿರುವಾಗ ಚಕ್ರದ ಟೈರು ಒಡೆಯಿತು. ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. 2016ರಲ್ಲಂತೂ ಟಿ.ಎಸ್. 050 ಎಂಬ ಕಾರು ಇಪ್ಪತ್ತಮೂರು ಗಂಟೆ ಐವತ್ತಕ್ಕೂ ಹೆಚ್ಚು ನಿಮಿಷ ಓಡಿ, ಎಲ್ಲರಿಗಿಂತ ಮುಂದಿದ್ದಾಗ, ಬಲ ಕುಂದಿ ಪ್ರೇಕ್ಷಕರ ಕಣ್ಣೆದುರೇ ನಿಂತುಬಿಟ್ಟಿತು. ಕೊನೆಯ ಸುತ್ತು ಅವಧಿ ಮೀರಿದ್ದರಿಂದ ಫಲಿತಾಂಶದ ಪಟ್ಟಿಯಲ್ಲೂ ಅದಕ್ಕೆ ಎಡೆ ದೊರೆಯಲಿಲ್ಲ. ಅಂದು ಚಕ್ರ ಹಿಡಿದಿದ್ದ ಕಜುಕಿ ನಕಜಿಮನೇ 2018ರಲ್ಲಿ ಗೆದ್ದ ಕಾರನ್ನು ಗೆರೆ ದಾಟಿಸಿದನು. ಟೊಯೋಟಕ್ಕೆ ಅಲ್ಲಿ ದೊರೆತ ಮೊದಲ ಗೆಲುವು ಅದು. ಆ ಕಾರಿನಲ್ಲಿ ಪೆಟ್ರೋಲಿನ ಯಂತ್ರದ ಜೊತೆಗೆ ಬ್ಯಾಟರಿಯೂ ಇತ್ತು. 1925ರ ಬಹುಮಾನದ ಕನಸನ್ನು ಅದು ಪೂರೈಸಿತೆನ್ನಲಾಗದು. ಆದರೆ ಸಕಿಚಿ ಕಂಡಿದ್ದರೆ ಹತ್ತಿರ ಹೋಗಿ ಮುಟ್ಟಿ ನೋಡುತ್ತಿದ್ದನೆಂದು ಊಹಿಸಬಲ್ಲೆ.

ನಮ್ಮ ನಾಡಿಗೂ ಆ ಮನೆತನವು ಮಗ್ಗದ ದಾರಿಯಿಂದಲೇ ಬಂದದ್ದು ಸೋಜಿಗ. ಹರಪನಹಳ್ಳಿಗೆ ಹತ್ತಿರದ ಹರಿಹರದಲ್ಲಿ 1941ರಲ್ಲಿ ಲೇತುಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದುದನ್ನು ನಮ್ಮ ಕಡೆಯ ಹಿರಿಯರು ಬಲ್ಲರು. ಅದು ಈಗ ಮುಚ್ಚಿಹೋಗಿದೆ. ಅದೇ ಕಿರ್ಲೋಸ್ಕರ್ ಮನೆತನದ ಜೊತೆಗೂಡಿ ಟೊಯೋಡರು 1995ರಲ್ಲಿ ಬೆಂಗಳೂರಿನ ಬಳಿಯ ಜಿಗಣಿಯಲ್ಲಿ ಮೊದಲು ಕಟ್ಟಿದ್ದು ಕಾರಿನ ಕಾರ್ಖಾನೆಯನ್ನಲ್ಲ, ನೂಲಿನ ಯಂತ್ರಗಳ ಕಾರ್ಖಾನೆಯನ್ನು. ಬಿಡದಿಯಲ್ಲಿ ಕಾರುಗಳು ತಯಾರಾಗತೊಡಗಿದ್ದು 1999ರ ಡಿಸೆಂಬರಿನಲ್ಲಿ. ಟಿ.ಎಸ್. 020 ಕಾರನ್ನು ಒಳಗೊಂಡ ಗ್ರ್ಯಾನ್ ಟುರಿಸ್ಮೊ ಆಟದ ಎರಡನೆಯ ಭಾಗವು ಜಪಾನಿನ ಅಂಗಡಿಗಳಿಗೆ ಬಂದದ್ದೂ ಅದೇ ತಿಂಗಳು. ನಿಜವಾದ ಪಂದ್ಯದಲ್ಲಿ ಆ ಕಾರು ಓಡಿದ್ದು ಎರಡೇ ವರ್ಷ. ಆಟದಲ್ಲಿ ಇಂದಿಗೂ ಓಡುತ್ತಿದೆ.

ಊರಿಗೆ ಹೊರಡುವ ಮುನ್ನಾ ದಿನ ಅಳಿಯನಿಗೆ ಇಷ್ಟನ್ನೂ ಹೇಳಿದೆ. ಆಟವನ್ನು ಜರೆಯಲು ಹೇಳಿದ್ದಲ್ಲ. ಆ ಆಟವಿಲ್ಲದಿದ್ದರೆ ನಾನಾದರೂ ಸಕಿಚಿಯನ್ನು ಅರಸಿ ಹೋಗುತ್ತಿರಲಿಲ್ಲ. ಆದರೆ ಗುಂಡಿ ಒತ್ತಿದೊಡನೆ ಮುರಿದದ್ದೆಲ್ಲ ಹೊಸದಾಗುವ ಲೋಕದಲ್ಲಿ ಎಲ್ಲಿ ಎಳೆ ಕಡಿಯಿತೆಂದು ಯಾರೂ ಹುಡುಕುವುದಿಲ್ಲ. ಸಕಿಚಿ ಬಾಳೆಲ್ಲ ಹುಡುಕಿದ್ದು ಅದನ್ನೇ. ನನ್ನ ತರಗತಿಯಲ್ಲಿಯೂ ಪಾಠ ಮುಗಿಸುವ ಅವಸರದಲ್ಲಿ ಹಿಂದಿನ ಬೆಂಚಿನವನ ಎಳೆ ಎಂದೋ ಕಡಿದಿರುವುದನ್ನು ಕಾಣದೆ ನಾನು ವರ್ಷಗಟ್ಟಲೆ ಬಡಿಯುತ್ತ ಹೋಗಿದ್ದುಂಟು.

ಹುಡುಗನು ಎಲ್ಲವನ್ನೂ ಕೇಳಿ, ಆ ಮಗ್ಗವನ್ನು ಈಗಲೂ ನೋಡಬಹುದೇ ಎಂದನು. ನಗೋಯದಲ್ಲಿ, ಸಕಿಚಿಯ ಹಳೆಯ ನೇಯ್ಗೆಯ ಕಾರ್ಖಾನೆಯಿದ್ದ ಜಾಗದಲ್ಲೇ, 1994ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿ ಕಾರುಗಳೂ ಇವೆ, ಮಗ್ಗಗಳೂ ಇವೆ ಎಂದು ಹೇಳಿದೆ. ಅಷ್ಟು ದೂರ ಈಗ ಹೋಗಲಾಗದು. ಹೇಗೂ ದಾರಿಯಲ್ಲೇ ಸಿಗುತ್ತದೆಂದು, ಮರುದಿನ ಬೆಳಿಗ್ಗೆ ಅವನನ್ನು ಕೂಡ್ಲಿಗಿಯ ಬಸ್ಸು ಹತ್ತಿಸಿಕೊಂಡು ನಮ್ಮ ಹಳ್ಳಿಗೆ ಕರೆತಂದೆ. ಕಂಬಳಿಯ ಅಜ್ಜ ಈಗಿಲ್ಲ. ಪಡಸಾಲೆಯ ಗುಂಡಿಯನ್ನು ಮುಚ್ಚಿ ಮೇಲೆ ಕಲ್ಲು ಹಾಸಿದ್ದಾರೆ. ಮನೆಯವರು ಅಟ್ಟದಿಂದ ಹಳೆಯ ಲಾಳಿಯೊಂದನ್ನು ಹುಡುಕಿ ತಂದುಕೊಟ್ಟರು. ಹುಡುಗನು ಅದನ್ನು ಅಂಗೈಯಲ್ಲಿಟ್ಟುಕೊಂಡು, ನೂಲು ಹೊರಬರುವ ಸಣ್ಣ ಕಣ್ಣನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು.